ಕಡಿದ ಮರ ತಾನಾಗಿ ಸೀಳುವುದೇಕೆ? ಒಳಗಿನ ಬಿಗಿತ ಅಳೆಯಲು ಒಂದು ತೂತು ಸಾಕೇ?

ಕೊಡಗಿನ ಕಾಫಿ ತೋಟಗಳಲ್ಲಿ ಮರ ಕಡಿಸಿದವರಿಗೆ ಈ ದೃಶ್ಯ ಹೊಸದಲ್ಲ. ನೀಲಗಿರಿಯನ್ನೋ ಸಿಲ್ವರ್ ಮರವನ್ನೋ ಉರುಳಿಸಿ ದಿಮ್ಮಿ ಮಾಡಿರುತ್ತಾರೆ. ಮರ ಇನ್ನೂ ಹಸಿಯಾಗಿಯೇ ಇದೆ, ಗರಗಸದ ಬಾಯಿಂದ ಬಿದ್ದ ಪುಡಿ ಒದ್ದೆಯಾಗಿದೆ. ಅಷ್ಟರಲ್ಲೇ 'ಟಪ್' ಎಂಬ ಸದ್ದು. ನೋಡಿದರೆ ದಿಮ್ಮಿಯ ತುದಿಯಲ್ಲಿ ತಿರುಳಿನಿಂದ ಹೊರಟ ಸೀಳು, ನಕ್ಷತ್ರದ ಹಾಗೆ ಮೂರು ನಾಲ್ಕು ಕಡೆಗೆ ಚಾಚಿದೆ. ಸಾಮಿಲ್‌ಗೆ ಹೋದ ಮೇಲೂ ಕಾಟ ತಪ್ಪುವುದಿಲ್ಲ. ಗರಗಸದಿಂದ ಹೊರಬರುವಾಗಲೇ ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ.

ಇದಕ್ಕೆ ನಮ್ಮಲ್ಲಿ ಉತ್ತರಗಳೂ ಸಿದ್ಧವಾಗಿವೆ. 'ಮರ ಬೇಗ ಒಣಗಿತು', 'ಹುಣ್ಣಿಮೆ ಹತ್ತಿರ ಕಡಿದಿದ್ದೇ ತಪ್ಪು', 'ಕಡಿದವನಿಗೆ ಕೆಲಸ ಗೊತ್ತಿಲ್ಲ', 'ಮರದ ಜಾತಿಯೇ ಕೆಟ್ಟದ್ದು'. ಇವುಗಳಲ್ಲಿ ಯಾವುದು ನಿಜ? ಅದನ್ನು ತಿಳಿಯಬೇಕಾದರೆ ಮರದ ಒಳಗೆ ಮೊದಲೇ ಕೂಡಿಟ್ಟ ಒಂದು ಬಲವನ್ನು ಅರ್ಥ ಮಾಡಿಕೊಳ್ಳಬೇಕು. ಅದನ್ನು ಅಳೆಯುವ ವಿಧಾನವೂ ಸ್ವಾರಸ್ಯದ್ದು: ಒಂದು ತೂತು ಕೊರೆಯುವುದು! ವಿಮಾನದ ರೆಕ್ಕೆಗೂ, ಬೆಸುಗೆ ಹಾಕಿದ ಪೈಪಿಗೂ, ತೋಟದ ಮರಕ್ಕೂ ತತ್ವ ಒಂದೇ.

ಯಾರೂ ಎಳೆಯದಿದ್ದರೂ ಬಿಗಿತ ಎಲ್ಲಿಂದ?

ಮಳೆಗಾಲದ ಊರಿನವರಿಗೆ ಕೊಡೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬಿಚ್ಚಿದ ಕೊಡೆಯನ್ನು ಮೂಲೆಯಲ್ಲಿಟ್ಟುಬಿಡಿ. ಅದನ್ನು ಯಾರೂ ಎಳೆಯುತ್ತಿಲ್ಲ, ಒತ್ತುತ್ತಲೂ ಇಲ್ಲ. ಆದರೂ ಬಟ್ಟೆ ಬಿಗಿಯಾಗಿದೆ, ಕಡ್ಡಿಗಳು ಬಾಗಿವೆ. ಬಟ್ಟೆ ಕಡ್ಡಿಯನ್ನು ಒಳಗೆಳೆಯುತ್ತದೆ, ಕಡ್ಡಿ ಬಟ್ಟೆಯನ್ನು ಹೊರಗೆ ತಳ್ಳುತ್ತದೆ. ಎರಡೂ ಸರಿಸಮವಾಗಿರುವುದರಿಂದ ಹೊರಗಿನಿಂದ ನೋಡಿದವರಿಗೆ ಎಲ್ಲವೂ ಶಾಂತ.

ಹೊರಗಿನ ಭಾರವಿಲ್ಲದೆಯೂ ವಸ್ತುವಿನ ಒಳಗೇ ಉಳಿದುಕೊಂಡಿರುವ ಇಂಥ ಎಳೆತ-ಒತ್ತಡಗಳಿಗೆ ಎಂಜಿನಿಯರುಗಳು 'ರೆಸಿಡ್ಯುಯಲ್ ಸ್ಟ್ರೆಸ್' ಎನ್ನುತ್ತಾರೆ. ಪಠ್ಯಪುಸ್ತಕದ ಕನ್ನಡದಲ್ಲಿ 'ಶೇಷ ಪೀಡನ'. ಈ ಬರಹದಲ್ಲಿ ಸರಳವಾಗಿ 'ಒಳಬಿಗಿತ' ಎನ್ನೋಣ.

ನಿಮ್ಮ ಕೈಯಲ್ಲಿರುವ ಫೋನಿನ ಮೇಲಿನ ಟೆಂಪರ್ಡ್ ಗ್ಲಾಸಿನಲ್ಲೂ ಇದೇ ಇದೆ. ಅದರ ಮೇಲ್ಮೈಯನ್ನು ಬೇಕೆಂದೇ ಒತ್ತಡದಲ್ಲಿ ಇರಿಸಿರುತ್ತಾರೆ, ಅದನ್ನು ಸರಿದೂಗಿಸಲು ಒಳಭಾಗ ಎಳೆತದಲ್ಲಿರುತ್ತದೆ. ಮೇಲ್ಮೈ ಒತ್ತಿಕೊಂಡಿರುವುದರಿಂದ ಸಣ್ಣ ಗೀರು ಬಿರುಕಾಗಿ ಬೆಳೆಯುವುದು ಕಷ್ಟ. ಆ ಸಮತೋಲ ತಪ್ಪಿದರೆ ಮಾತ್ರ ಇಡೀ ಗಾಜು ಒಮ್ಮೆಗೇ ಚೂರು. ಕಾರಿನ ಹಿಂದಿನ ಗಾಜು ಸಣ್ಣ ಸಣ್ಣ ತುಂಡಾಗಿ ಉದುರುವುದಕ್ಕೂ ಇದೇ ಕಾರಣ. ಅಂದರೆ ಒಳಬಿಗಿತ ಯಾವಾಗಲೂ ಕೆಟ್ಟದ್ದಲ್ಲ. ಅದು ಎಲ್ಲಿದೆ, ಎಷ್ಟಿದೆ ಎಂದು ತಿಳಿಯದೆ ಇರುವುದೇ ಅಪಾಯ.

ಮರ ತನ್ನನ್ನು ತಾನೇ ಬಿಗಿದುಕೊಳ್ಳುವುದು ಹೇಗೆ?

ಮರ ದಪ್ಪವಾಗುವುದು ಹೊರಗಿನಿಂದ. ತೊಗಟೆಯ ಒಳಗೆ ಕ್ಯಾಂಬಿಯಂ ಎಂಬ ತೆಳುವಾದ ಪದರವಿದೆ. ವರ್ಷವರ್ಷವೂ ಅದು ಹೊಸ ಮರದ ನಾರುಗಳನ್ನು ಕಟ್ಟುತ್ತದೆ. ಈ ಎಳೆಯ ನಾರುಗಳು ಬಲಿಯುವಾಗ ಉದ್ದದಲ್ಲಿ ತುಸು ಕುಗ್ಗಲು ನೋಡುತ್ತವೆ. ಆದರೆ ಒಳಗಿರುವ ಹಳೆಯ ಮರ ಅವುಗಳನ್ನು ಕುಗ್ಗಲು ಬಿಡುವುದಿಲ್ಲ. ಪರಿಣಾಮ? ಹೊಸ ನಾರು ಎಳೆದು ಕಟ್ಟಿದ ಹಗ್ಗದಂತೆ ಬಿಗಿಯಾಗುತ್ತದೆ, ಹಳೆಯ ಮರ ಒತ್ತಡಕ್ಕೆ ಸಿಲುಕುತ್ತದೆ. ಮುಂದಿನ ವರ್ಷ ಇನ್ನೊಂದು ಪದರ, ಇನ್ನಷ್ಟು ಬಿಗಿ. ಹೀಗೆ ಹತ್ತಿಪ್ಪತ್ತು ವರ್ಷ ಕಳೆದರೆ ಕಾಂಡದ ಹೊರಭಾಗವೆಲ್ಲ ಎಳೆತದಲ್ಲಿ, ತಿರುಳಿನ ಭಾಗವೆಲ್ಲ ಒತ್ತಡದಲ್ಲಿ ನಿಂತಿರುತ್ತದೆ. ಇದನ್ನು 'ಬೆಳವಣಿಗೆಯ ಬಿಗಿತ' ಎನ್ನಬಹುದು. ಆಸ್ಟ್ರೇಲಿಯಾದ ಅರಣ್ಯ ವಿಜ್ಞಾನಿ ಮ್ಯಾಕ್ಸ್ ಜೇಕಬ್ಸ್ 1945ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದರು. ನೀಲಗಿರಿ, ಸಿಲ್ವರ್ ಎರಡೂ ಆಸ್ಟ್ರೇಲಿಯಾದಿಂದಲೇ ಇಲ್ಲಿಗೆ ಬಂದ ಮರಗಳು.

ಮರಕ್ಕೆ ಇದು ಯಾಕೆ ಬೇಕು? ಮರದ ನಾರು ಎಳೆತವನ್ನು ಚೆನ್ನಾಗಿ ತಡೆಯುತ್ತದೆ, ಒತ್ತಡವನ್ನು ಅಷ್ಟಾಗಿ ತಡೆಯದು. ಗಾಳಿಗೆ ಮರ ಬಾಗಿದಾಗ ಒಂದು ಬದಿ ಹಿಗ್ಗುತ್ತದೆ, ಇನ್ನೊಂದು ಬದಿ ಅಮುಕಿಕೊಳ್ಳುತ್ತದೆ. ಹೊರಪದರ ಮೊದಲೇ ಎಳೆತದಲ್ಲಿದ್ದರೆ, ಅಮುಕುವ ಬಲ ಮೊದಲು ಆ ಎಳೆತವನ್ನು ಕರಗಿಸಬೇಕು. ಆಮೇಲಷ್ಟೇ ನಾರು ಜಜ್ಜಿಹೋಗುವ ಮಾತು. ಜೂನ್-ಜುಲೈ ಗಾಳಿಗೆ ತೂಗಾಡಿದ ಮರ ಮತ್ತೆ ನೆಟ್ಟಗೆ ನಿಲ್ಲುವುದರಲ್ಲಿ ಈ ಒಳಬಿಗಿತದ ಪಾಲೂ ಇದೆ.

ಬಾಗಿ ಬೆಳೆದ ಮರದಲ್ಲಿ ಬಿಗಿತ ಇನ್ನೂ ಹೆಚ್ಚು. ಇಳಿಜಾರಿನಲ್ಲಿ, ತೋಟದ ಅಂಚಿನಲ್ಲಿ ಬೆಳಕು ಹುಡುಕಿಕೊಂಡು ವಾಲಿದ ಅಗಲ ಎಲೆಯ ಮರಗಳು ತಮ್ಮನ್ನು ಮೇಲಕ್ಕೆ ಎಳೆದುಕೊಳ್ಳಲು ವಾಲಿದ ಬದಿಯ ಮೇಲ್ಭಾಗದಲ್ಲಿ ವಿಶೇಷ ನಾರು ಬೆಳೆಸುತ್ತವೆ. ಟೆಂಟಿಗೆ ಕಟ್ಟಿದ ಹಗ್ಗದ ಕೆಲಸ ಅದು. ಅಲ್ಲಿನ ಎಳೆತ ನೆಟ್ಟಗಿನ ಮರಕ್ಕಿಂತ ಹಲವು ಪಟ್ಟು ಇರಬಹುದು.

ಕಡಿದಾಗ ಆಗುವುದೇನು?

ನಿಂತ ಮರದಲ್ಲಿ ಎಳೆತ-ಒತ್ತಡಗಳು ಉದ್ದಕ್ಕೂ ಸಮವಾಗಿ ಹಂಚಿಕೊಂಡಿರುತ್ತವೆ. ಗರಗಸ ಅಡ್ಡಕ್ಕೆ ಹಾದ ಕೂಡಲೇ ಕತ್ತರಿಸಿದ ಮುಖದಲ್ಲಿ ಆ ಸಮತೋಲ ಇಲ್ಲವಾಗುತ್ತದೆ. ಹೊರಭಾಗ ಹಿಂದಕ್ಕೆ ಸರಿಯಲು ನೋಡುತ್ತದೆ, ತಿರುಳು ಮುಂದಕ್ಕೆ ಚಾಚಲು ನೋಡುತ್ತದೆ. ಈ ಜಗ್ಗಾಟ ತಾಳಲಾರದೆ ತುದಿ ಸೀಳುತ್ತದೆ.

ಎಷ್ಟು ಬಲ ಎಂದು ಕೇಳಿದರೆ ಆಶ್ಚರ್ಯವಾದೀತು. ನೀಲಗಿರಿಯಂಥ ಮರದ ಹೊರಪದರ ಬಿಡುಗಡೆಯಾದಾಗ ಒಂದು ಮೀಟರಿಗೆ ಸುಮಾರು ಅರ್ಧದಿಂದ ಒಂದು ಮಿಲಿಮೀಟರ್ ಕುಗ್ಗುವುದುಂಟು. ಮೂರು ಮೀಟರ್ ದಿಮ್ಮಿಗೆ ಮೂರು ಮಿಲಿಮೀಟರ್ ತನಕ. 'ಇಷ್ಟೇನಾ?' ಎನ್ನಬೇಡಿ. ಮರ ಎಷ್ಟು ಗಡುಸು ಎಂದು ಲೆಕ್ಕ ಹಾಕಿದರೆ ಇದು ಒಂದು ಚದರ ಸೆಂಟಿಮೀಟರಿಗೆ ಸುಮಾರು 100 ಕಿಲೋ ತೂಗಿದ ಎಳೆತ. ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಎರಡು ಮೂಟೆ ಸಿಮೆಂಟ್ ನೇತುಹಾಕಿದ ಹಾಗೆ!

ಹಾಗಾದರೆ ಒಣಗುವುದರಿಂದ ಬಿರುಕು ಬರುವುದಿಲ್ಲವೇ? ಬರುತ್ತದೆ, ಆದರೆ ಅದು ಬೇರೆ ಬಿರುಕು. ಗುರುತಿಸುವುದು ಸುಲಭ. ಕಡಿದ ನಿಮಿಷಗಳಲ್ಲಿ, ಗಂಟೆಗಳಲ್ಲಿ, ಮರ ಹಸಿಯಾಗಿರುವಾಗಲೇ ತಿರುಳಿನಿಂದ ಹೊರಕ್ಕೆ ಸೀಳಿದರೆ ಅದು ಬೆಳವಣಿಗೆಯ ಬಿಗಿತ. ದಿನ, ವಾರಗಳ ನಂತರ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗೆರೆಗಳಾಗಿ ಬಿಟ್ಟರೆ ಅದು ಒಣಗುವಿಕೆಯದ್ದು. ಮೊದಲನೆಯದು ಆದ ಮೇಲೆ ಎರಡನೆಯದು ಸೇರಿ ಸೀಳನ್ನು ಇನ್ನಷ್ಟು ಅಗಲ ಮಾಡುವುದೂ ಇದೆ.

ತೂತಿನಿಂದ ಬಿಗಿತ ಅಳೆಯುವುದು ಹೇಗೆ?

ಇಲ್ಲೊಂದು ಒಗಟಿದೆ. ಹೊರಗಿನ ಭಾರವನ್ನಾದರೆ ಅಳೆಯಬಹುದು: ಭಾರ ಹಾಕುವ ಮೊದಲು, ಹಾಕಿದ ನಂತರ ಎಷ್ಟು ಹಿಗ್ಗಿತು ಎಂದು ನೋಡಿದರಾಯಿತು. ಒಳಬಿಗಿತಕ್ಕೆ ಆ 'ಮೊದಲು' ಎಂಬುದೇ ಇಲ್ಲ. ಅದು ಹುಟ್ಟಿನಿಂದಲೇ ಇದೆ. ಹಾಗಾಗಿ ದಾರಿ ತಿರುಗಿಸಬೇಕು: ಬಿಗಿತವನ್ನು ಸ್ವಲ್ಪ ಬಿಡಿಸಿ, ಬಿಡುಗಡೆಯಾದಾಗ ವಸ್ತು ಎಷ್ಟು ಅಲುಗಿತು ಎಂದು ನೋಡಬೇಕು.

ಮತ್ತೆ ಕೊಡೆಗೇ ಬನ್ನಿ. ಬಿಗಿದ ಕೊಡೆಯ ಬಟ್ಟೆಯಲ್ಲಿ ತೂತಾದರೆ ಅದು ಬಾಯಿ ತೆರೆದುಕೊಳ್ಳುತ್ತದೆ. ಎಳೆತ ಯಾವ ದಿಕ್ಕಿನಲ್ಲಿ ಹೆಚ್ಚೋ ಆ ದಿಕ್ಕಿಗೆ ಉದ್ದವಾಗುತ್ತದೆ. ಕೊಡೆ ಮಡಚಿದರೆ ಅದೇ ತೂತು ಮುಚ್ಚಿದಂತೆ ಕಾಣುತ್ತದೆ. ತೂತಿನ ಆಕಾರವೇ ಬಟ್ಟೆ ಎಷ್ಟು ಬಿಗಿ, ಎತ್ತ ಕಡೆಗೆ ಬಿಗಿ ಎಂದು ಹೇಳಿಬಿಡುತ್ತದೆ.

ಲೋಹದಲ್ಲಿ ಈ ಉಪಾಯವನ್ನು ಬಳಸಿದವರು ಜರ್ಮನಿಯ ಯೋಸೆಫ್ ಮಾಥಾರ್. ಅವರ ಪ್ರಬಂಧ 1934ರಲ್ಲಿ ಪ್ರಕಟವಾಯಿತು. 1930ರ ದಶಕದ ಕೊನೆಯಲ್ಲಿ ಸ್ಟ್ರೇನ್ ಗೇಜ್ ಬಂದ ಮೇಲೆ ಕೆಲಸ ಸುಲಭವಾಯಿತು. ಸ್ಟ್ರೇನ್ ಗೇಜ್ ಎಂದರೆ ಅಂಟಿಸಬಹುದಾದ ಪುಟ್ಟ ತಂತಿಜಾಲ. ಅಂಟಿಸಿದ ಜಾಗ ಹಿಗ್ಗಿದರೆ ಕುಗ್ಗಿದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಇಂಥ ಮೂರು ಗೇಜುಗಳನ್ನು ಬೇರೆ ಬೇರೆ ದಿಕ್ಕಿಗೆ ಅಂಟಿಸಿ, ನಡುವೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ಮಿಲಿಮೀಟರ್ ಅಗಲದ ತೂತನ್ನು ಹಂತ ಹಂತವಾಗಿ ಕೊರೆಯುತ್ತಾರೆ. ಹಲ್ಲಿನ ಡಾಕ್ಟರರ ಡ್ರಿಲ್‌ನಂಥ, ಗಾಳಿಯಿಂದ ಅತಿವೇಗವಾಗಿ ತಿರುಗುವ ಉಪಕರಣ ಬೇಕು. ಮೊಂಡು ಡ್ರಿಲ್ ಹಾಕಿ ಒತ್ತಿದರೆ ಕೊರೆಯುವ ಕೆಲಸವೇ ಹೊಸ ಬಿಗಿತ ಹುಟ್ಟಿಸಿ ಲೆಕ್ಕ ಕೆಡಿಸುತ್ತದೆ. ಅಮೆರಿಕದ ಎಎಸ್‌ಟಿಎಂ ಸಂಸ್ಥೆ 1981ರಲ್ಲಿ ಇದಕ್ಕೆ ಇ837 ಎಂಬ ಮಾನದಂಡವನ್ನು ತಂದಿತು. ಅದೇ ಮಾನದಂಡ ತಿದ್ದುಪಡಿಗಳೊಂದಿಗೆ ಇಂದೂ ಬಳಕೆಯಲ್ಲಿದೆ.

ಮರಕ್ಕೆ ಇಷ್ಟು ನಾಜೂಕು ಬೇಡ. ಫ್ರಾನ್ಸಿನ ಸಿರಾಡ್ ಸಂಶೋಧನಾ ಸಂಸ್ಥೆ ರೂಪಿಸಿದ ಒಂಟಿ ತೂತಿನ ವಿಧಾನ ಹೀಗಿದೆ. ನಿಂತ ಮರದ ಎದೆಮಟ್ಟದಲ್ಲಿ ಅಂಗೈ ಅಗಲದಷ್ಟು ತೊಗಟೆ ತೆಗೆಯುತ್ತಾರೆ. ನಾರಿನ ಉದ್ದಕ್ಕೆ, ಒಂದರ ಮೇಲೊಂದರಂತೆ, 45 ಮಿಲಿಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆಯುತ್ತಾರೆ. ಮೊಳೆಗಳ ನಡುವೆ ಅಳತೆಯ ಸಾಧನ ಕೂರಿಸಿ, ಸರಿಯಾಗಿ ಮಧ್ಯದಲ್ಲಿ 20 ಮಿಲಿಮೀಟರ್ ತೂತು ಕೊರೆಯುತ್ತಾರೆ. ನಾರು ತುಂಡಾದ ಕೂಡಲೇ ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಸರಿದು ಮೊಳೆಗಳು ದೂರವಾಗುತ್ತವೆ. ಎಷ್ಟು ದೂರ? ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಹೆಚ್ಚು ಸರಿದಷ್ಟೂ ಬಿಗಿತ ಹೆಚ್ಚು. ಕಾಂಡದ ಸುತ್ತ ಹಲವು ಕಡೆ ಹೀಗೆ ಅಳೆದರೆ ಯಾವ ಬದಿ ಹೆಚ್ಚು ಬಿಗಿ ಎಂಬುದೂ ತಿಳಿಯುತ್ತದೆ. ಸೀಳದ ನಾಟಾ ಕೊಡುವ ತಳಿಗಳನ್ನು ಆರಿಸಲು ಸಂಶೋಧಕರಿಗೆ ಇಂಥ ಅಳತೆ ಬೇಕಾಗುತ್ತದೆ, ಯಾಕೆಂದರೆ ಮರವನ್ನು ಉರುಳಿಸದೆಯೇ ಉತ್ತರ ಸಿಗುತ್ತದೆ.

ಮರ ಬಿಟ್ಟರೆ ಇನ್ನೆಲ್ಲಿ?

ಬೆಸುಗೆ ಹಾಕಿದ ಜಾಗ ಕಾದು ತಣ್ಣಗಾಗುವಾಗ ಕುಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಲೋಹ ಬಿಡುವುದಿಲ್ಲ. ಎಳೆಯ ನಾರಿನ ಕತೆಯೇ ಇಲ್ಲೂ. ಬೆಸುಗೆಯ ಬಳಿ ಉಳಿಯುವ ಎಳೆತ, ಉಕ್ಕು ಶಾಶ್ವತವಾಗಿ ಹಿಗ್ಗಿಬಿಡುವ ಮಟ್ಟವನ್ನೇ ಮುಟ್ಟಬಹುದು. ಅದರ ಮೇಲೆ ಹೊರಗಿನ ಭಾರವೂ ಸೇರಿದರೆ ಬಿರುಕು ಬೇಗ ಬೆಳೆಯುತ್ತದೆ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ಟ್ಯಾಂಕರ್ ಹಡಗು ಅಲುಗದ ನೀರಿನಲ್ಲಿ ನಿಂತಲ್ಲೇ ಹೆಚ್ಚುಕಡಿಮೆ ಎರಡು ಹೋಳಾಯಿತು. ತನಿಖೆಯಲ್ಲಿ ಬೆಸುಗೆಯ ದೋಷದ ಜೊತೆಗೆ ಒಳಗೆ ಉಳಿದಿದ್ದ ಬಿಗಿತದ ಕಡೆಗೂ ಬೊಟ್ಟು ಮಾಡಲಾಯಿತು. ಚಳಿಗೆ ಪೆಡಸಾಗುವ ಉಕ್ಕಿನ ಪಾತ್ರ ಮುಂದೆ ಇನ್ನೂ ಸ್ಪಷ್ಟವಾಯಿತು.

ನಮ್ಮ ರಾಜ್ಯದಲ್ಲೇ ಇದರ ಹತ್ತಿರದ ಉದಾಹರಣೆ ಕೋಲಾರದ ಚಿನ್ನದ ಗಣಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆ ಮೇಲಿನ ಭಾರದಿಂದ, ಭೂಪದರದ ಒತ್ತಡದಿಂದ ಬಿಗಿದುಕೊಂಡಿರುತ್ತದೆ. ಸುರಂಗ ಕೊರೆದಾಗ ಆ ಬಿಗಿತ ಬಿಡುಗಡೆಯಾಗಿ ಬಂಡೆ ಸ್ಫೋಟದಂತೆ ಸಿಡಿಯುತ್ತಿತ್ತು. ಗಣಿಯವರು ಅದನ್ನು 'ಏರ್ ಬ್ಲಾಸ್ಟ್' ಎಂದು ಕರೆಯುತ್ತಿದ್ದರು. 1988ರಲ್ಲಿ ಕೆಜಿಎಫ್‌ನಲ್ಲೇ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಆರಂಭವಾಯಿತು. ಬಂಡೆಗೆ ಕೊಳವೆ ಕೊರೆದು, ಅದರೊಳಗೆ ನೀರಿನ ಒತ್ತಡ ಏರಿಸಿ, ಯಾವ ಒತ್ತಡಕ್ಕೆ ಬಂಡೆ ಬಿರಿಯಿತು ಎಂಬುದರಿಂದ ಒಳಬಿಗಿತ ಲೆಕ್ಕ ಹಾಕುವ ವಿಧಾನ ಇಲ್ಲಿ ಬಳಕೆಯಾಗುತ್ತದೆ. ಅಣೆಕಟ್ಟು, ಸುರಂಗ, ಭೂಗತ ವಿದ್ಯುದಾಗಾರ ಕಟ್ಟುವ ಮೊದಲು ಈ ಅಳತೆ ಬೇಕು.

ನಂಬಿಕೆ ಮತ್ತು ನಿಜ

'ಅಮಾವಾಸ್ಯೆಯ ಕಡೆಗೆ ಕಡಿದರೆ ಮರ ಸೀಳುವುದಿಲ್ಲ.' ಬೆಳವಣಿಗೆಯ ಬಿಗಿತ ಹತ್ತಾರು ವರ್ಷಗಳ ಪದರಗಳಲ್ಲಿ ಕೂಡಿದ್ದು. ಒಂದು ಪಕ್ಷ ಕಾದರೆ ಅದು ಕರಗಿಹೋಗಲು ಕಾರಣವಿಲ್ಲ. ಬಿದಿರಿಗೆ, ಮರಕ್ಕೆ ಹುಳು ಹಿಡಿಯುವ ಪ್ರಶ್ನೆ ಬೇರೆ. ಅದು ಮರದಲ್ಲಿರುವ ಪಿಷ್ಟಕ್ಕೆ ಸಂಬಂಧಿಸಿದ್ದು. ಎರಡನ್ನೂ ಒಂದೇ ಗಂಟಿಗೆ ಕಟ್ಟಬಾರದು.

'ಸೀಳಿದ ಮರ ರೋಗದ ಮರ.' ಅಲ್ಲ. ಗಟ್ಟಿಮುಟ್ಟಾಗಿ ವೇಗವಾಗಿ ಬೆಳೆದ ಆರೋಗ್ಯದ ಮರವೂ ಜೋರಾಗಿ ಸೀಳಬಹುದು.

'ಮನೆಯ ಪಕ್ಕದ ಮರಕ್ಕೆ ತೂತು ಕೊರೆದು ನೋಡಿದರೆ ಅದು ಬೀಳುತ್ತದೋ ಇಲ್ಲವೋ ಗೊತ್ತಾಗುತ್ತದೆ.' ಇದು ಎಚ್ಚರ ವಹಿಸಬೇಕಾದ ಮಾತು. ಮೇಲೆ ಹೇಳಿದ ತೂತು ಹೊರಪದರದ ಬಿಗಿತವನ್ನಷ್ಟೇ ಹೇಳುತ್ತದೆ. ಒಳಗೆ ಟೊಳ್ಳಾಗಿದೆಯೇ, ಬೇರು ಕೊಳೆತಿದೆಯೇ, ಮಣ್ಣು ಸಡಿಲವಾಗಿದೆಯೇ ಎಂದು ಹೇಳುವುದಿಲ್ಲ. ಮಳೆಗಾಲದಲ್ಲಿ ಮರ ಬೀಳಿಸುವುದು ಹೆಚ್ಚಾಗಿ ಇವೇ. ಸುಮ್ಮನೆ ಕೊರೆದ ತೂತು ಮರಕ್ಕೆ ಗಾಯ, ಕೊಳೆಸುವ ಶಿಲೀಂಧ್ರಕ್ಕೆ ಬಾಗಿಲು. ಬುಡದ ಸುತ್ತ ಮಣ್ಣು ಎದ್ದಿದೆಯೇ, ಅಣಬೆ ಬಂದಿದೆಯೇ, ಇದ್ದಕ್ಕಿದ್ದಂತೆ ವಾಲಿದೆಯೇ ಎಂದು ಕಣ್ಣಿನಿಂದ ನೋಡುವುದೇ ಹೆಚ್ಚು ಉಪಯುಕ್ತ.

'ಟೆಂಪರ್ಡ್ ಗ್ಲಾಸಿಗೆ ಆಮೇಲೆ ತೂತು ಹಾಕಿಸಿಕೊಳ್ಳಬಹುದು.' ಆಗದು. ತೂತು ಬೇಕಿದ್ದರೆ ಗಾಜನ್ನು ಹದಗೊಳಿಸುವ ಮೊದಲೇ ಕೊರೆಯಬೇಕು. ಆಮೇಲೆ ಕೊರೆಯ ಹೊರಟರೆ ಸಮತೋಲ ತಪ್ಪಿ ಗಾಜು ಪುಡಿಯಾಗುತ್ತದೆ.

ತೋಟದವರಿಗೆ, ಮರ ಕಡಿಯುವವರಿಗೆ

ನಷ್ಟ ಕಡಿಮೆ ಮಾಡಲು ಕೆಲವು ದಾರಿಗಳಿವೆ. ದಿಮ್ಮಿಯನ್ನು ಆದಷ್ಟು ಬೇಗ ಸಾಮಿಲ್‌ಗೆ ಸಾಗಿಸಿ ಕೊಯ್ಯಿಸುವುದು. ಕಾಯಬೇಕಾದರೆ ನೆರಳಿನಲ್ಲಿಟ್ಟು ನೀರು ಚಿಮುಕಿಸುವುದು, ತುದಿಗಳಿಗೆ ಮೇಣ ಅಥವಾ ದಪ್ಪ ಬಣ್ಣ ಬಳಿಯುವುದು. ಇದು ಬೆಳವಣಿಗೆಯ ಬಿಗಿತವನ್ನು ತೆಗೆಯದು, ಆದರೆ ಒಣಗುವಿಕೆ ಸೇರಿ ಸೀಳು ಅಗಲವಾಗುವುದನ್ನು ತಡೆಯುತ್ತದೆ. ಕೊಯ್ಯುವಾಗ ಒಂದೇ ಬದಿಯಿಂದ ಹಲಗೆ ತೆಗೆಯುತ್ತಾ ಹೋಗದೆ ದಿಮ್ಮಿ ತಿರುಗಿಸಿ ಎದುರುಬದುರಿನ ಬದಿಗಳಿಂದ ಸರದಿಯಲ್ಲಿ ತೆಗೆದರೆ ಉಳಿದ ಮರ ಅಷ್ಟಾಗಿ ಬಾಗುವುದಿಲ್ಲ. ತುದಿಗೆ ಹೊಡೆಯುವ ಎಸ್ ಆಕಾರದ ಕಬ್ಬಿಣದ ಪಟ್ಟಿಯೂ ಸೀಳು ಮುಂದುವರಿಯದಂತೆ ಹಿಡಿಯುತ್ತದೆ.

ಹಣದ ನಷ್ಟಕ್ಕಿಂತ ದೊಡ್ಡದು ಜೀವದ ಪ್ರಶ್ನೆ. ವಾಲಿದ ಮರವನ್ನು ಹಿಂದಿನಿಂದ ಸರಾಗವಾಗಿ ಕೊಯ್ಯುತ್ತಾ ಹೋದರೆ, ಪೂರ್ತಿ ಕತ್ತರಿಸುವ ಮೊದಲೇ ಕಾಂಡ ಉದ್ದಕ್ಕೆ ಸೀಳಿ, ಹಿಂಭಾಗ ಆಳೆತ್ತರಕ್ಕೂ ಮೇಲೆ ಚಿಮ್ಮಿ ಗರಗಸ ಹಿಡಿದವನ ಕಡೆಗೇ ಬರಬಹುದು. ವಾಲಿದ ಭಾರದ ಎಳೆತ, ಒಳಬಿಗಿತ ಎರಡೂ ಸೇರಿದ ಪರಿಣಾಮ ಇದು. ತರಬೇತಿ ಪಡೆದವರು ಇಂಥ ಮರಕ್ಕೆ ಹಿಂಬದಿಯಲ್ಲಿ ಒಂದು ಪಟ್ಟಿ ಮರ ಬಿಟ್ಟು, ಗರಗಸದ ತುದಿಯನ್ನು ಕಾಂಡದೊಳಗೆ ತೂರಿಸಿ ನಡುಭಾಗ ಕೊಯ್ದು, ಕೊನೆಗೆ ಆ ಪಟ್ಟಿಯನ್ನು ಬಿಡಿಸುತ್ತಾರೆ. ಕೊಯ್ಯುವ ಜಾಗದ ಮೇಲೆ ಸರಪಳಿ ಬಿಗಿಯುವ ರೂಢಿಯೂ ಇದೆ.

ಗಾಳಿಮಳೆಗೆ ಬಿದ್ದು ಎರಡು ಕಡೆ ಸಿಕ್ಕಿಹಾಕಿಕೊಂಡ ಮರವೂ ಬಿಲ್ಲಿನ ಹಾಗೆ ಬಿಗಿದಿರುತ್ತದೆ. ಉಬ್ಬಿದ ಬದಿ ಎಳೆತದ್ದು, ತಗ್ಗಿದ ಬದಿ ಒತ್ತಡದ್ದು. ಕತ್ತರಿಸಿದಾಗ ಕಾಂಡ ಚಿಮ್ಮುವುದು ಉಬ್ಬಿದ ಬದಿಗೆ, ಆದ್ದರಿಂದ ಆ ಕಡೆ ಯಾರೂ ನಿಲ್ಲಬಾರದು. ಮೊದಲು ಒತ್ತಡದ ಬದಿಯಲ್ಲಿ ಸ್ವಲ್ಪ ಕೊಯ್ದು, ಆಮೇಲೆ ಎಳೆತದ ಬದಿಯನ್ನು ನಿಧಾನವಾಗಿ ಬಿಡಿಸುವುದು ಪದ್ಧತಿ. ಇಳಿಜಾರಿನಲ್ಲಿ ಮರದ ಕೆಳಗಿನ ಕಡೆಗೆ ನಿಂತು ಕೊಯ್ಯಬಾರದು. ಕರೆಂಟ್ ತಂತಿಯ ಮೇಲೆ ಬಿದ್ದಿದ್ದರಂತೂ ಮುಟ್ಟಲೇಬೇಡಿ. 1912ಕ್ಕೆ ಕರೆ ಮಾಡಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿದ ಮೇಲೆಯೇ ಕೆಲಸ.

ಒಂದೇ ಮಾತಿನಲ್ಲಿ ಹೇಳುವುದಾದರೆ

ಕಡಿದ ಮರ ಸೀಳುವುದು ಗ್ರಹಚಾರದಿಂದಲ್ಲ. ಅದು ವರ್ಷಗಳಿಂದ ಕೂಡಿಟ್ಟ ಎಳೆತ ಬಿಡುಗಡೆಯಾಗುವ ರೀತಿ. ತೂತಿನ ವಿಧಾನ ಅದನ್ನು ಅಳೆಯುತ್ತದೆ, ಆದರೆ ಕೊರೆದ ಜಾಗದ ಬಿಗಿತವನ್ನು ಮಾತ್ರ. ಮಳೆಗಾಲ ಶುರುವಾಗುವ ಮುನ್ನ ಮರ ಕಡಿಸುವವರು, ಕಡಿಯುವವರು ನಿಮ್ಮ ಗುಂಪಿನಲ್ಲಿದ್ದರೆ ಈ ಬರಹದ ಕೊನೆಯ ಭಾಗವನ್ನಾದರೂ ಅವರಿಗೆ ಕಳುಹಿಸಿ. ಉಬ್ಬಿದ ಬದಿಯಲ್ಲಿ ನಿಲ್ಲಬಾರದು ಎಂಬ ಒಂದು ಮಾತು ಒಬ್ಬರಿಗೆ ತಲುಪಿದರೂ ಸಾಕು.